ಫಿಲಿಪೀನ್ಸ್‌ನಿಂದ ಮೊದಲ ಸಲ ಹೊರಡುವ ಗೆಳತಿಗೆ ‘ಬರೀ ಟೂರಿಸ್ಟ್ ಅಂತ ಹೇಳು’ ಅಂತ ಹೇಳಿಕೊಡಬಹುದೇ?

ಬೇಡ. ದಯವಿಟ್ಟು ಹಾಗೆ ಹೇಳಿಕೊಡಬೇಡಿ. ಅದೇ ತಪ್ಪನ್ನು ನಾನು ನನ್ನ ನಾದಿನಿಯ ವಿಷಯದಲ್ಲಿ ಮಾಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನೀವು ಹೇಳಿರುವುದು ಇಷ್ಟು: ನೀವು ಹುಬ್ಬಳ್ಳಿಯವರು, ಗೆಳತಿ ಸೆಬುವಿನವರು. ಕಳೆದ ವರ್ಷ ನೀವೇ ಅಲ್ಲಿಗೆ ಹೋಗಿ ಅವರ ಮನೆಯವರನ್ನು ನೋಡಿಕೊಂಡು ಬಂದಿದ್ದೀರಿ. ಈಗ ಅವರು ಮೂರು ವಾರಕ್ಕೆ ನಿಮ್ಮ ಮನೆಗೆ ಬರುತ್ತಿದ್ದಾರೆ. ಇಂಡಿಯಾದ ಇ-ವೀಸಾ ಸಿಕ್ಕಿದೆ, ಪಾಸ್‌ಪೋರ್ಟ್ ಹೊಸದು, ದೇಶ ಬಿಟ್ಟು ಹೊರಗೆ ಹೋಗುತ್ತಿರುವುದು ಇದೇ ಮೊದಲು. ಅವರದೇ ದೇಶದ ಇಮಿಗ್ರೇಷನ್‌ನವರು ವಿಮಾನ ಹತ್ತಲು ಬಿಡದೆ ‘ಆಫ್‌ಲೋಡ್’ ಮಾಡುತ್ತಾರೆ ಎಂದು ಕೇಳಿ ಇಬ್ಬರಿಗೂ ಭಯವಾಗಿದೆ.

ನಾನು ಮೈಸೂರಿನವನು, ಕೆಲಸ ಮನಿಲಾದಲ್ಲಿ, ಹೆಂಡತಿ ಇಲೊಯ್ಲೊ ಕಡೆಯವಳು. 2024ರಲ್ಲಿ ಮೈಸೂರಿನಲ್ಲಿ ನಮ್ಮ ಮನೆಯ ಗೃಹಪ್ರವೇಶಕ್ಕೆಂದು ಹೆಂಡತಿಯ ತಂಗಿಯನ್ನೂ ಕರೆಸಿಕೊಂಡೆವು. ನಾವಿಬ್ಬರೂ ಮೊದಲೇ ಬಂದಿದ್ದೆವು, ಅವಳು ಒಬ್ಬಳೇ ಹಿಂದಿನಿಂದ ಬರಬೇಕಿತ್ತು. ಅವಳಿಗೂ ಅದೇ ಮೊದಲ ವಿದೇಶ ಪ್ರಯಾಣ. ನಾನು ಒಂದು ಇಂಚು ದಪ್ಪದ ಫೈಲ್ ಮಾಡಿಕೊಟ್ಟೆ: ನನ್ನ ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಮನೆ ಪತ್ರದ ಜೆರಾಕ್ಸ್, ಎಲ್ಲ. ಜೊತೆಗೆ, “ಜಾಸ್ತಿ ಏನೂ ಹೇಳಬೇಡ. ಟೂರಿಸ್ಟ್, ಅರಮನೆ ನೋಡೋಕೆ ಹೋಗ್ತಿದೀನಿ ಅನ್ನು, ಸಾಕು” ಎಂದು ಫೋನಿನಲ್ಲಿ ಬುದ್ಧಿ ಹೇಳಿದೆ.

ಕೌಂಟರಿನಲ್ಲಿ ಅವಳು ಹಾಗೇ ಹೇಳಿದಳು. ಎಲ್ಲಿ ಉಳಿಯುತ್ತೀರಿ ಎಂದು ಕೇಳಿದರು. ಫ್ರೆಂಡ್ ಮನೆಯಲ್ಲಿ ಎಂದಳು. ಟಿಕೆಟ್‌ಗೆ ಯಾರು ದುಡ್ಡು ಕೊಟ್ಟರು ಎಂದರೆ “ಕುಯಾ” ಎಂದಳು. ಕುಯಾ ಎಂದರೆ ಅವರಲ್ಲಿ ಅಣ್ಣ. ನನ್ನನ್ನು ಕರೆಯುವುದೇ ಹಾಗೆ. ಆದರೆ ಕಾಗದದಲ್ಲಿರುವುದು ಒಬ್ಬ ಭಾರತೀಯನ ಹೆಸರು. ಹಾಗಾದರೆ ಅವನು ಫ್ರೆಂಡೋ ಅಣ್ಣನೋ? ಆ ಮನೆಯಲ್ಲಿ ಇನ್ನು ಯಾರಿದ್ದಾರೆ? “ಅಮ್ಮ ಇದ್ದಾರೆ.” ಅವರ ಹೆಸರೇನು? ಅವಳಿಗೆ ಗೊತ್ತಿರಲಿಲ್ಲ. ನಮ್ಮಮ್ಮನನ್ನು ನಾವು ಯಾವಾಗಲೂ ಅಮ್ಮ ಎಂದೇ ಹೇಳುತ್ತಿದ್ದುದು.

ಅಲ್ಲಿಂದ ಅವಳನ್ನು ಪಕ್ಕಕ್ಕೆ ಕಳಿಸಿದರು. ಅದನ್ನು ಅಲ್ಲಿ ‘ಸೆಕೆಂಡರಿ’ ಎನ್ನುತ್ತಾರೆ, ಎರಡನೇ ಸುತ್ತಿನ ವಿಚಾರಣೆ. ಒಂದು ಫಾರ್ಮ್ ತುಂಬಿಸಿ ಕೂರಿಸಿದರು. ಮುಕ್ಕಾಲು ಗಂಟೆ. ಇತ್ತ ಮೈಸೂರಿನಲ್ಲಿ ನನ್ನ ಹೆಂಡತಿ ಫೋನ್ ಕೈಯಲ್ಲಿ ಹಿಡಿದು ಅಡುಗೆಮನೆಗೂ ಜಗಲಿಗೂ ಓಡಾಡುತ್ತಿದ್ದಳು. ಕೊನೆಗೆ ನಾದಿನಿ ನಾನು ಹೇಳಿಕೊಟ್ಟಿದ್ದನ್ನು ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ನನ್ನ ಅಕ್ಕನ ಗಂಡ, ಹೊಸ ಮನೆಯ ಪೂಜೆ, ಅಕ್ಕನೂ ಅಲ್ಲೇ ಇದ್ದಾಳೆ. ಫೈಲಿನ ಅಡಿಯಲ್ಲೆಲ್ಲೋ ನಮ್ಮ ಮದುವೆ ಸರ್ಟಿಫಿಕೇಟೂ, ತಾವು ಅಕ್ಕ ತಂಗಿ ಎಂದು ತೋರಿಸುವ ಇಬ್ಬರ ಜನನ ಪತ್ರವೂ ಇದ್ದವು. ಬ್ಯಾಗಿನಲ್ಲಿ ನಮ್ಮಮ್ಮನಿಗೆಂದು ಇಲೊಯ್ಲೊದ ಬಿಸ್ಕೋಚೊ ಡಬ್ಬಿ, ಅದರ ಮೇಲೆ ಅವಳದೇ ಅಕ್ಷರದಲ್ಲಿ ‘ಅಮ್ಮನಿಗೆ’ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದ ಚೀಟಿ. ಅಧಿಕಾರಿ ಗದರಲಿಲ್ಲವಂತೆ. “ಇದನ್ನು ಮೊದಲೇ ಯಾಕೆ ಹೇಳಲಿಲ್ಲ?” ಎಂದಷ್ಟೇ ಕೇಳಿ ಮುದ್ರೆ ಒತ್ತಿದರಂತೆ. ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು.

ಇಷ್ಟೆಲ್ಲ ಯಾಕೆ ಕೇಳುತ್ತಾರೆ ಎನ್ನುವುದು ನಮ್ಮವರಿಗೆ ಬೇಗ ಅರ್ಥವಾಗಬೇಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ನಮ್ಮಲ್ಲೂ ‘ಇಸಿಆರ್’ (ಕೆಲಸಕ್ಕೆ ಹೊರಡುವ ಮುನ್ನ ಸರ್ಕಾರದ ತಪಾಸಣೆ ಬೇಕು) ಎಂದು ಹಾಕುತ್ತಾರಲ್ಲ, ಕೆಲಸಕ್ಕೆಂದು ಗಲ್ಫ್‌ಗೆ ಹೋಗಿ ಮೋಸಹೋಗದಿರಲಿ ಎಂದು? ಫಿಲಿಪೀನ್ಸ್‌ನಲ್ಲಿ ಆ ಕಾಳಜಿ ಇನ್ನೂ ದೊಡ್ಡದು. ದುಡಿಯಲು ಹೊರದೇಶಕ್ಕೆ ಹೋಗುವವರು ಅಲ್ಲಿ ಮನೆಮನೆಯಲ್ಲೂ ಸಿಗುತ್ತಾರೆ. 2003ರಲ್ಲೇ ಮಾನವ ಕಳ್ಳಸಾಗಣೆ ತಡೆ ಕಾನೂನು ಬಂತು, 2013 ಮತ್ತು 2022ರಲ್ಲಿ ಅದನ್ನು ಬಿಗಿ ಮಾಡಿದರು. ಟೂರಿಸ್ಟ್ ಎಂದು ಹೇಳಿಸಿ ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾದ ಆನ್‌ಲೈನ್ ವಂಚನೆ ಕೇಂದ್ರಗಳಿಗೆ ತಳ್ಳಿದ ಪ್ರಕರಣಗಳು ಒಂದೆರಡಲ್ಲ. ನಮ್ಮವರನ್ನೂ ಬಿಟ್ಟಿಲ್ಲ. 2025ರ ಮಾರ್ಚ್‌ನಲ್ಲಿ ಹಾಗೆ ಸಿಕ್ಕಿಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡ್‌ನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನದಲ್ಲಿ ಕರೆತಂದರು. ಆ ಏಜೆಂಟರು ಹೇಳಿಕೊಡುವ ಮೊದಲ ಪಾಠವೇ ‘ಬರೀ ಟೂರಿಸ್ಟ್ ಅಂತ ಹೇಳು’. ಪ್ರೀತಿಯಿಂದ ಹೇಳಿಕೊಟ್ಟರೂ ಕೌಂಟರಿನ ಆಚೆ ಕೂತವರಿಗೆ ಅದು ಅದೇ ಪಾಠದ ಹಾಗೆ ಕೇಳಿಸುತ್ತದೆ.

ಹಾಗೆಂದು ಆ ವ್ಯವಸ್ಥೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2022ರಲ್ಲಿ 32,404 ಮಂದಿ ಫಿಲಿಪಿನೋಗಳನ್ನು ತಡೆದರು. ಅವರಲ್ಲಿ ಕಳ್ಳಸಾಗಣೆ ಅಥವಾ ಅಕ್ರಮ ನೇಮಕಾತಿಗೆ ಬಲಿಯಾದವರು ಎಂದು ತಿಳಿದದ್ದು 472 ಜನ. ಉಳಿದವರಲ್ಲಿ ಎಷ್ಟೋ ಮಂದಿ ಕೂಡಿಟ್ಟ ದುಡ್ಡಿನಲ್ಲಿ ಟಿಕೆಟ್ ಕೊಂಡ ಸಾಮಾನ್ಯ ಜನರೇ ಇರಬೇಕು. ಇಸ್ರೇಲ್‌ಗೆ ಹೊರಟಿದ್ದ ಯುವತಿಯೊಬ್ಬರು, ಅಧಿಕಾರಿ ತಮ್ಮ ಕಾಲೇಜಿನ ಇಯರ್‌ಬುಕ್ ಇದೆಯೇ ಎಂದು ಕೇಳಿದರು, ವಿಚಾರಣೆ ಮುಗಿಯುವಷ್ಟರಲ್ಲಿ ವಿಮಾನ ಹೋಗಿತ್ತು ಎಂದು 2023ರಲ್ಲಿ ಹೇಳಿಕೊಂಡಾಗ ದೇಶವೇ ಸಿಟ್ಟಾಯಿತು. ಅದೇ ವರ್ಷ ತಂದ ಇನ್ನಷ್ಟು ಬಿಗಿಯಾದ ನಿಯಮಗಳನ್ನು ಸೆನೆಟರುಗಳ ವಿರೋಧದಿಂದ ಜಾರಿಗೆ ಬರುವ ಮುಂಚೆಯೇ ತಡೆಹಿಡಿದರು. ಪ್ರಯಾಣಿಸುವ ಹಕ್ಕು ಅವರ 1987ರ ಸಂವಿಧಾನದಲ್ಲೇ ಇದೆ. ನಿಮ್ಮ ಗೆಳತಿ ಕೌಂಟರಿನ ಮುಂದೆ ಅಪರಾಧಿಯ ಹಾಗೆ ಕುಗ್ಗಿ ನಿಲ್ಲಬೇಕಾದ್ದಿಲ್ಲ, ಇದನ್ನು ಅವರಿಗೆ ಹೇಳಿ.

ಈಗ ಕಾಗದಪತ್ರದ ಮಾತು. ಇ-ವೀಸಾ ಎಂದರೆ ಇಂಡಿಯಾ ಒಳಗೆ ಬಿಡಲು ಒಪ್ಪಿದೆ ಎಂದಷ್ಟೇ, ಹೊರಗೆ ಬಿಡುವುದು ಅವರ ದೇಶದ ತೀರ್ಮಾನ. ಮೊದಲು ನೋಡುವುದು ಪಾಸ್‌ಪೋರ್ಟ್ (ಆರು ತಿಂಗಳಿಗಿಂತ ಹೆಚ್ಚು ಅವಧಿ ಇರಲಿ), ವೀಸಾದ ಪ್ರಿಂಟ್, ವಾಪಸ್ ಟಿಕೆಟ್. ಆಮೇಲೆ, ಇವರು ತಿರುಗಿ ಬರುತ್ತಾರೆ ಎನ್ನುವುದಕ್ಕೆ ಆಧಾರ. ಅವರು ಕೆಲಸದಲ್ಲಿದ್ದರೆ ಉದ್ಯೋಗ ಪ್ರಮಾಣಪತ್ರ, ಮೂರು ವಾರದ ರಜೆ ಮಂಜೂರಾದ ಪತ್ರ, ಕಂಪನಿಯ ಐಡಿ ಕಾರ್ಡ್ ಇಟ್ಟುಕೊಳ್ಳಲಿ. ಸರ್ಕಾರಿ ನೌಕರಿಯಾದರೆ ಇಲಾಖೆಯ ಪ್ರಯಾಣ ಅನುಮತಿ ಬೇಕೇ ಬೇಕು.

ಖರ್ಚಿನ ವಿಷಯ ಸೂಕ್ಷ್ಮ. ಪ್ರಾಯೋಜಕರು ಕೊಡುವ ಬೆಂಬಲದ ಅಫಿಡವಿಟ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಆದರೆ ಫಿಲಿಪೀನ್ಸ್ ಸರ್ಕಾರದ 2015ರ ಮಾರ್ಗಸೂಚಿ ಅದನ್ನು ಹೇಳುವುದು ರಕ್ತಸಂಬಂಧ ಇಲ್ಲವೇ ಮದುವೆ ಸಂಬಂಧದ ಹತ್ತಿರದ (ನಾಲ್ಕನೇ ಹಂತದೊಳಗಿನ) ನೆಂಟರ ವಿಷಯದಲ್ಲಿ. ನಾನು ಅಕ್ಕನ ಗಂಡ, ಸಲ್ಲುತ್ತದೆ. ನೀವಿನ್ನೂ ಆ ಲೆಕ್ಕಕ್ಕೆ ಬರುವುದಿಲ್ಲ. ಮಾಡಿಸಿದರೂ ಬರೀ ನೋಟರಿ ಸಾಲದು, ಅಪೊಸ್ಟಿಲ್ (ಬೇರೆ ದೇಶದಲ್ಲೂ ಸಲ್ಲುವಂತೆ ಸರ್ಕಾರ ಕೊಡುವ ದೃಢೀಕರಣ) ಆಗಬೇಕು. ಅದಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ ಎಂದು ಹಂತಗಳಿವೆ, ಸಮಯ ಹಿಡಿಯುತ್ತದೆ. ನನ್ನ ಮಾತು ಕೇಳುವುದಾದರೆ, ಆದಷ್ಟೂ ಅವರು ತಮ್ಮ ಸ್ವಂತ ದುಡ್ಡಿನಲ್ಲೇ ಹೊರಡಲಿ, ಅವರದೇ ಖಾತೆಯ ಸ್ಟೇಟ್‌ಮೆಂಟ್ ಇರಲಿ. ನೀವು ಕೊಡುತ್ತಿದ್ದರೆ ಕೊಡುತ್ತಿದ್ದೀರಿ ಎಂದೇ ಹೇಳಲಿ. ಹೊರಡುವ ಹಿಂದಿನ ವಾರ ಖಾತೆಗೆ ದೊಡ್ಡ ಮೊತ್ತ ಹಾಕಿ ಚೆನ್ನಾಗಿ ಕಾಣಿಸಲು ಹೋಗಬೇಡಿ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ನಿಮ್ಮ ಕೈಯಲ್ಲಿರುವ ದೊಡ್ಡ ಬಲ ಎಂದರೆ ನೀವು ಸೆಬುಗೆ ಹೋಗಿ ಬಂದಿರುವುದು. ನಿಮ್ಮ ಪಾಸ್‌ಪೋರ್ಟಿನ ಮೊದಲ ಪುಟ, ಫಿಲಿಪೀನ್ಸ್‌ನ ಮುದ್ರೆ ಇರುವ ಪುಟ, ಅವರ ಅಪ್ಪ ಅಮ್ಮನ ಜೊತೆ ತೆಗೆಸಿಕೊಂಡ ಫೋಟೊ, ನಿಮ್ಮ ಮನೆಯ ಪೂರ್ತಿ ವಿಳಾಸ ಮತ್ತು ಫೋನ್ ನಂಬರ್ ಇರುವ ಆಹ್ವಾನ ಪತ್ರ, ಇವನ್ನು ಫೈಲಿನ ಮೇಲ್ಭಾಗದಲ್ಲಿ ಇಡಲಿ. ಮುಖವನ್ನೇ ನೋಡದ, ಇಂಟರ್‌ನೆಟ್‌ನಲ್ಲಷ್ಟೇ ಪರಿಚಯವಾದ ವ್ಯಕ್ತಿಯ ಬಳಿಗೆ ಹೋಗುತ್ತಿದ್ದಾರೆಯೇ ಎನ್ನುವುದೇ ಅಲ್ಲಿನ ಅಧಿಕಾರಿಗಳ ದೊಡ್ಡ ಅನುಮಾನ.

ಇನ್ನೊಂದು ಮುಖ್ಯ ವಿಷಯ. ಇದು ಬರೀ ಭೇಟಿಯೋ, ಮದುವೆಯಾಗಲು ಬರುತ್ತಿದ್ದಾರೋ? ವಿದೇಶಿಯನ್ನು ಮದುವೆಯಾಗಲು ಅಥವಾ ಗಂಡನ ಜೊತೆ ನೆಲೆಸಲು ಹೊರಡುವವರು ‘ಕಮಿಷನ್ ಆನ್ ಫಿಲಿಪಿನೋಸ್ ಓವರ್‌ಸೀಸ್’, ಅಂದರೆ ಸಿಎಫ್ಒ ಎಂಬ ಅಲ್ಲಿನ ಸರ್ಕಾರಿ ಸಂಸ್ಥೆ ನಡೆಸುವ ಕೌನ್ಸೆಲಿಂಗ್ ಮುಗಿಸಿ ಸರ್ಟಿಫಿಕೇಟ್ ಪಡೆಯಬೇಕು. ಹೆಣ್ಣುಮಕ್ಕಳನ್ನು ಮದುವೆಯ ಹೆಸರಿನಲ್ಲಿ ಸಾಗಿಸುವುದನ್ನು ತಡೆಯಲೆಂದೇ ಬಂದ ಏರ್ಪಾಡು ಅದು. ಮದುವೆಯ ಯೋಚನೆ ಗಟ್ಟಿಯಾಗಿದ್ದು ಈ ಪ್ರಯಾಣದಲ್ಲೇ ಆಗುವುದಾದರೆ ಅದನ್ನು ಮುಗಿಸಿಯೇ ಹೊರಡಲಿ. ಬರೀ ಮನೆಯವರನ್ನು ನೋಡಿ ಹೋಗುವುದಾದರೆ ಹಾಗೆಂದೇ ಹೇಳಲಿ: “ನನ್ನ ಗೆಳೆಯ, ಅವರ ಮನೆಯವರನ್ನು ನೋಡಲು ಹೋಗುತ್ತಿದ್ದೇನೆ, ಇಂಥ ತಾರೀಕು ವಾಪಸ್ ಬಂದು ಕೆಲಸಕ್ಕೆ ಹೋಗಬೇಕು.” ಬಾಯ್‌ಫ್ರೆಂಡ್ ಇರುವುದು ತಪ್ಪಲ್ಲ.

ವಿಮಾನ ನಿಲ್ದಾಣದ ದಿನ: ಫಿಲಿಪೀನ್ಸ್ ಸರ್ಕಾರದ ‘ಇ-ಟ್ರಾವೆಲ್’ ಆನ್‌ಲೈನ್ ನೋಂದಣಿಯನ್ನು ಹೊರಡುವ ಹಿಂದಿನ 72 ಗಂಟೆಯೊಳಗೆ ಮಾಡಬೇಕು. ಅದು ಉಚಿತ. ದುಡ್ಡು ಕೇಳುವ ಜಾಲತಾಣ ನಕಲಿ. ಕ್ಯೂಆರ್ ಕೋಡನ್ನು ಫೋನಿನಲ್ಲಿ ಸೇವ್ ಮಾಡಿ, ಪ್ರಿಂಟೂ ಇಟ್ಟುಕೊಳ್ಳಲಿ. ನನ್ನ ನಾದಿನಿ ಹೋದಾಗ ಎಕಾನಮಿಗೆ 1,620 ಪೆಸೊ ಟ್ರಾವೆಲ್ ಟ್ಯಾಕ್ಸ್ ಇತ್ತು. ಟಿಕೆಟ್‌ನಲ್ಲೇ ಸೇರಿದೆಯೇ ನೋಡಿಕೊಳ್ಳಿ. ಸೆಬುವಿನಿಂದ ನೇರ ಸಿಂಗಪುರ ಮೂಲಕ ಬಂದರೆ ತಪಾಸಣೆ ಸೆಬುವಿನ ಮಕ್ಟಾನ್ ವಿಮಾನ ನಿಲ್ದಾಣದಲ್ಲೇ ಆಗುತ್ತದೆ, ಮನಿಲಾ ಮೂಲಕವಾದರೆ ಮನಿಲಾದಲ್ಲಿ. ಯಾವುದಾದರೂ ನಾಲ್ಕು ಗಂಟೆ ಮುಂಚೆ ಹೋಗಲಿ. ಸೆಕೆಂಡರಿಗೆ ಕಳಿಸಿದರೆ ಅಲ್ಲಿಗೇ ಮುಗಿಯಿತು ಎಂದಲ್ಲ, ಅಲ್ಲಿಂದ ದಾಟಿ ಹೋಗುವವರೂ ಇದ್ದಾರೆ. ಸಮಯ ಕೈಯಲ್ಲಿರಬೇಕು, ಅಷ್ಟೆ. ಫೇಸ್‌ಬುಕ್‌ನಲ್ಲಿ ‘ನಾವು ದಾಟಿಸುತ್ತೇವೆ’ ಎನ್ನುವವರ ಹತ್ತಿರವೂ ಸುಳಿಯಬೇಡಿ. ಒಂದು ವೇಳೆ ತಡೆದರೆ ಜಗಳವಾಡದೆ, ಕಾರಣವೇನು, ಯಾವ ಕಾಗದ ಕಡಿಮೆಯಾಯಿತು ಎಂದು ಬರಹದಲ್ಲಿ ಕೇಳಿ ಪಡೆಯಲಿ. ಅದು ಮುಂದೂಡಿಕೆ, ನಿಷೇಧವಲ್ಲ. ಕೊರತೆ ಸರಿಪಡಿಸಿಕೊಂಡು ಮತ್ತೆ ಹೊರಡಬಹುದು.

ಬೆಂಗಳೂರಿನಲ್ಲಿ ಇಳಿಯುವಾಗ ಕಷ್ಟವಿಲ್ಲ. ವಿದೇಶಿಯರ ಇ-ಅರೈವಲ್ ಕಾರ್ಡನ್ನು ಇಳಿಯುವ ಹಿಂದಿನ 72 ಗಂಟೆಯೊಳಗೆ ತುಂಬಿರಲಿ. ಮನೆಗೆ ಬಂದ 24 ಗಂಟೆಯೊಳಗೆ ‘ಫಾರ್ಮ್ ಸಿ’ ಎಂದು ಕರೆಯುವ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಕೊಡಬೇಕಾದವರು ನೀವು, ಮರೆಯಬೇಡಿ.

ಇವತ್ತು ರಾತ್ರಿ ಅವರಿಗೆ ಫೋನ್ ಮಾಡಿದಾಗ ಉತ್ತರ ಹೇಳಿಕೊಡಬೇಡಿ, ಪ್ರಶ್ನೆ ಕೇಳಿ. ಹುಬ್ಬಳ್ಳಿ ಬೆಂಗಳೂರಿನಿಂದ ಎಷ್ಟು ದೂರ, ರೈಲಿನಲ್ಲಿ ಬರುತ್ತಾರೋ ಕಾರಿನಲ್ಲೋ, ನೀವು ಮಾಡುವ ಕೆಲಸ ಏನು, ಮನೆಯಲ್ಲಿ ಎಷ್ಟು ಜನ, ನಿಮ್ಮ ತಾಯಿಯ ಹೆಸರೇನು. ಗೊತ್ತಿಲ್ಲದಿದ್ದರೆ ಆಗಲೇ ನಿಮ್ಮ ತಾಯಿಯ ಕೈಗೆ ಫೋನ್ ಕೊಡಿ, ಅವರೇ ಹೇಳಲಿ.