ಎಡಕ್ಕೇ ಇರಬೇಕಿತ್ತು, ಆದರೆ ಜನರ ಮಾತು ಕೇಳಬೇಕಿತ್ತು
2019ರಲ್ಲಿ ಸೋತ ಬ್ರಿಟನ್ನಿನ ಲೇಬರ್ ಪಕ್ಷ ಎಡಕ್ಕೇ ನಿಲ್ಲಬೇಕಿತ್ತಾ, ಮಧ್ಯಕ್ಕೆ ಸರಿದಿದ್ದೇ ಸರಿಯಾ ಅಂತ ಕೇಳಿದ್ದೀರಿ. ದುಡ್ಡು, ದುಡಿಮೆಯ ವಿಷಯದಲ್ಲಿ ಎಡಕ್ಕೇ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

2017ರಲ್ಲಿ ಆಗಿನ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ರೈಲು, ನೀರು ಮತ್ತೆ ಸರ್ಕಾರದ ಕೈಗೆ ಬರಲಿ ಎಂದು ಹೇಳಿಯೇ ಶೇ 40ರಷ್ಟು ಮತ ತಂದಿದ್ದರು. 2019ರಲ್ಲಿ ಅದು ಶೇ 32ಕ್ಕೆ ಇಳಿಯಿತು. ರೈಲಿನ ಮಾತು ಎರಡೂ ಸಲ ಇತ್ತು ಅಲ್ವಾ? ನಾಯಕನ ಮೇಲೆ ಜನಕ್ಕೆ ನಂಬಿಕೆ ಹೋಗಿತ್ತು, ಅದೂ ನಿಜ. ಆದರೆ ದೊಡ್ಡ ಪೆಟ್ಟು ಕೊಟ್ಟಿದ್ದು ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟ ಬಿಡಬೇಕು ಅನ್ನುವ 2016ರ ಜನಮತಗಣನೆಯ ತೀರ್ಪು. ಮೊದಲು ಜನರ ತೀರ್ಪು ಒಪ್ಪುತ್ತೇವೆ ಅಂದವರು ಆಮೇಲೆ ಇನ್ನೊಂದು ಜನಮತಗಣನೆ ಅಂದರು.

ಇಂಗ್ಲೆಂಡಿನ ಬೋಲ್ಸೋವರ್ ನೋಡಿ. ಕಲ್ಲಿದ್ದಲು ಗಣಿಗಳ ಸೀಮೆ, ಸ್ವತಃ ಗಣಿಯಲ್ಲಿ ದುಡಿದಿದ್ದ ಡೆನ್ನಿಸ್ ಸ್ಕಿನ್ನರ್ 1970ರಿಂದ ಗೆಲ್ಲುತ್ತಾ ಬಂದ ಕ್ಷೇತ್ರ, ಗಣಿಗಳು ಮುಚ್ಚಿದ ಮೇಲೂ ಪಕ್ಷದ ಕೈಬಿಡದ ಜನ. ಬ್ರೆಕ್ಸಿಟ್‌ಗೆ ಹಾಕಿದ ತಮ್ಮ ಮತಕ್ಕೆ ಬೆಲೆಯೇ ಇಲ್ಲ ಅನ್ನಿಸಿದಾಗ 2019ರಲ್ಲಿ ಅವರೂ ಕನ್ಸರ್ವೇಟಿವ್ ಪಕ್ಷವನ್ನು ಗೆಲ್ಲಿಸಿದರು.

ಕಾರ್ಬಿನ್ ನಂತರ ನಾಯಕರಾಗಿ ಪಕ್ಷವನ್ನು ಮಧ್ಯಕ್ಕೆ ಸರಿಸಿದ ಕೀರ್ ಸ್ಟಾರ್ಮರ್ 2024ರಲ್ಲಿ 411 ಸೀಟು ಗೆದ್ದರಲ್ಲ ಅನ್ನಬಹುದು. ಮತ ಶೇ 34 ಕೂಡ ಮುಟ್ಟಲಿಲ್ಲ. ಬಲಪಂಥದ ಮತಗಳು ಕನ್ಸರ್ವೇಟಿವ್ ಮತ್ತು ರಿಫಾರ್ಮ್ ಪಕ್ಷಗಳ ನಡುವೆ ಒಡೆದು ಹೋಗಿದ್ದೇ ಆ ಗೆಲುವಿಗೆ ಜಾಸ್ತಿ ನೆರವಾಯಿತು. ಬೋಲ್ಸೋವರ್‌ನಂಥ ಊರಿಗೆ ಬೇಕಾದ ಬಸ್ಸು, ಕಡಿಮೆ ಬಾಡಿಗೆಯ ಮನೆ, ಬೇಗ ಸಿಗುವ ಚಿಕಿತ್ಸೆ, ಇವನ್ನು ಜೋರಾಗಿ ಹೇಳಲು ಪಕ್ಷ ಯಾಕೆ ಹೆದರಬೇಕು?