ಹೊಗೆಸೊಪ್ಪಿಗೆ ಲೈಸೆನ್ಸ್, ಸಿಗರೇಟಿಗೆ ಎಚ್ಚರಿಕೆ

ಪ್ರಶ್ನೆ: ಸಿಗರೇಟು ಪೊಟ್ಟಣದ ಮೇಲೆ ಕ್ಯಾನ್ಸರ್ ಚಿತ್ರ ಹಾಕಿಸುವ ಸರ್ಕಾರವೇ ನಮ್ಮ ಕಡೆ ತಂಬಾಕು ಬೆಳೆಯಲು ಲೈಸೆನ್ಸ್ ಕೊಡುತ್ತದೆ. ಇದೆಂಥ ನೀತಿ?
– ಓದುಗರೊಬ್ಬರು, ಹುಣಸೂರು

ಉತ್ತರ: ಸರ್ಕಾರ ಒಂದೇ, ಸಚಿವಾಲಯಗಳು ಎರಡು. ಲೈಸೆನ್ಸ್ ಕೊಡುವ, 1975ರ ಕಾಯ್ದೆಯಂತೆ ರಚನೆಯಾದ ತಂಬಾಕು ಮಂಡಳಿ ವಾಣಿಜ್ಯ ಸಚಿವಾಲಯದ್ದಾಗಿದ್ದು, ಅದರ ಗಮನವೆಲ್ಲ ರಫ್ತಿನ ಮೇಲೆ; ಪೊಟ್ಟಣದ ಎಚ್ಚರಿಕೆಗೆ ಆಧಾರವಾದ 2003ರ ತಂಬಾಕು ನಿಯಂತ್ರಣ ಕಾಯ್ದೆ, 2004ರಲ್ಲಿ ಭಾರತ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ಆರೋಗ್ಯ ಸಚಿವಾಲಯದ ಹೊಣೆ. ಆ ಒಪ್ಪಂದದ 17ನೇ ವಿಧಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಲು ಉತ್ತೇಜನ ನೀಡಬೇಕೆನ್ನುತ್ತದೆ. ಆದರೆ ಬೇರೆ ಬೆಳೆಯ ಬೀಜ ಹಂಚಿದ ಮಾತ್ರಕ್ಕೆ ಅದು ಪರ್ಯಾಯವಾಗದು. ಸಾಲ ಮಾಡಿ ಬ್ಯಾರನ್ (ಎಲೆಯನ್ನು ಬಿಸಿಯಲ್ಲಿ ಹದಗೊಳಿಸುವ ಮನೆ) ಕಟ್ಟಿಸಿ, ರಾತ್ರಿಯೆಲ್ಲ ಸೌದೆಯುರಿಯ ಮುಂದೆ ಕೂತು ಹದಗೊಳಿಸಿದ ಎಲೆಯನ್ನು ಬೇಲ್ ಕಟ್ಟಿ ಒಯ್ಯುವ ರೈತನಿಗೆ ಮಂಡಳಿಯ ಹರಾಜು ಮಾರುಕಟ್ಟೆಯಾದರೂ ಇದೆ. ಶುಂಠಿಗೆ ತಿರುಗಿದವನಿಗೆ (ಅದರ ಬೆಲೆಯ ಏರಿಳಿತ ನಿಮಗೇ ಗೊತ್ತು) ಅಂಥ ವ್ಯವಸ್ಥೆಯಿಲ್ಲ. ಹಾಗೆಂದು, ಬೆಳೆಗಾರರನ್ನು ಮುಂದಿಟ್ಟುಕೊಂಡು ಸಿಗರೇಟಿನ ತೆರಿಗೆ ಏರಿಕೆಯನ್ನು ವಿರೋಧಿಸುವ ವಾದವನ್ನು ನಾನು ಒಪ್ಪಲಾರೆ: ಮೈಸೂರು ಸೀಮೆಯ ಎಲೆಯಲ್ಲಿ ಬಹುಪಾಲು ಹೊರದೇಶಗಳಿಗೆ ಹೋಗುವುದರಿಂದ, ಇಲ್ಲಿ ತೆರಿಗೆ ಏರಿದ ಮಾತ್ರಕ್ಕೆ ಹರಾಜಿನ ದರ ಕುಸಿಯಬೇಕೆಂದಿಲ್ಲ.