ತೆಗೆದುಹಾಕುವ ಅಧಿಕಾರ ಒಬ್ಬರದೇ ಆಗಬಾರದು

ಜಯನಗರದ ನಿಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ಕಸ ವಿಲೇವಾರಿಯ ಬಗ್ಗೆ ಪ್ರಶ್ನಿಸಿದ ಹಿರಿಯರೊಬ್ಬರನ್ನು ನಿರ್ವಾಹಕರು ಸೂಚನೆಯಿಲ್ಲದೆ ತೆಗೆದುಹಾಕಿದ್ದು ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಸರಿಯಲ್ಲ. ನಿಂದನೆಯನ್ನೂ ಜಾಹೀರಾತುಗಳನ್ನೂ ತಕ್ಷಣ ಅಳಿಸುವ ಅಧಿಕಾರ ಅವರಿಗೆ ಇರಲೇಬೇಕು. ಸಂಬಳವಿಲ್ಲದೆ ದುಡಿಯುವವರು ಪ್ರತಿಯೊಂದಕ್ಕೂ ಅನುಮತಿ ಕೇಳಬೇಕಾದರೆ ಆ ಹೊಣೆ ಹೊರಲು ಯಾರೂ ಮುಂದೆ ಬರುವುದಿಲ್ಲ. ಆದರೆ ವ್ಯಕ್ತಿಯನ್ನೇ ಹೊರಗಿಡುವುದು ಬೇರೆ ಮಾತು. ಕನ್ನಡ ವಿಕಿಪೀಡಿಯದಲ್ಲಿ ನಿರ್ವಾಹಕರು ಯಾರನ್ನಾದರೂ ತಡೆಹಿಡಿದರೆ ಅದು ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ ಉಳಿಯುತ್ತದೆ, ಮತ್ತು ತಡೆಗೊಳಗಾದವರು ಸಾಮಾನ್ಯವಾಗಿ ತಮ್ಮ ಚರ್ಚಾಪುಟದಲ್ಲೇ ಮರುಪರಿಶೀಲನೆ ಕೋರಬಹುದು. ವಾಟ್ಸ್ಆ್ಯಪ್‌ನಲ್ಲಿ ಇಂಥ ಮೇಲ್ಮನವಿಯಿಲ್ಲವಾದ್ದರಿಂದ ನೀವೇ ಅದನ್ನು ರೂಪಿಸಿಕೊಳ್ಳಬೇಕು. ಸದಸ್ಯರ ಸಂದೇಶಕ್ಕೆ ತಾವು ಶಿಕ್ಷೆ ಅನುಭವಿಸಬೇಕಾದೀತೆಂದು ನಿರ್ವಾಹಕರು ಅಂಜಿದ್ದರೆ, ಸದಸ್ಯರೊಬ್ಬರ ಆಕ್ಷೇಪಾರ್ಹ ಸಂದೇಶಕ್ಕೆ ನಿರ್ವಾಹಕರನ್ನು ಹೊಣೆಯಾಗಿಸಲಾಗದೆಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿರುವುದನ್ನು ತಿಳಿಸಿ. ಮೊದಲು ಆ ಹಿರಿಯರನ್ನು ಮರಳಿ ಸೇರಿಸುವಂತೆ ಕೇಳಿ.